ಸುಳ್ಳು ಲೆಕ್ಕವನ್ನು ಒಪ್ಪದ ಯಂತ್ರ

ಪ್ರತಿ ವರ್ಷವೂ ನಮ್ಮ ಕಾಲೇಜಿನ ಭೌತವಿಜ್ಞಾನ ಪ್ರಯೋಗಶಾಲೆಯಲ್ಲಿ ಒಂದು ಪವಾಡ ನಡೆಯುತ್ತದೆ. ವಿದ್ಯಾರ್ಥಿಯೊಬ್ಬನು ದಾರಕ್ಕೆ ಗುಂಡನ್ನು ಕಟ್ಟಿ ಲೋಲಕವನ್ನು ತೂಗಿಬಿಡುತ್ತಾನೆ. ತಡವರಿಸುತ್ತ ಇಪ್ಪತ್ತು ಆಂದೋಲನಗಳನ್ನು ಎಣಿಸುತ್ತಾನೆ. ನಡುನಡುವೆ ಪಕ್ಕದವನೊಡನೆ ಎರಡು ಮಾತನ್ನೂ ಆಡುತ್ತಾನೆ. ಆದರೂ ಲೆಕ್ಕದ ಕೊನೆಯಲ್ಲಿ ಗುರುತ್ವ ವೇಗೋತ್ಕರ್ಷದ ಬೆಲೆ ಸೆಕೆಂಡಿಗೆ ಸೆಕೆಂಡಿಗೆ ೯೮೦ ಸೆಂಟಿಮೀಟರ್ ಎಂದೇ ಬಂದು ನಿಲ್ಲುತ್ತದೆ! ಪುಸ್ತಕದಲ್ಲಿ ಉತ್ತರವಿದೆ, ಉತ್ತರದಿಂದ ಹಿಂದಕ್ಕೆ ನಡೆದು ಅಳತೆಯ ಅಂಕಿಗಳನ್ನು ತುಂಬಿಕೊಳ್ಳುವುದು ಸುಲಭ. ಇದರಲ್ಲಿ ಇನ್ನೊಂದು ವಿನೋದವೂ ಉಂಟು. ಭೂಮಧ್ಯರೇಖೆಗೆ ಸಮೀಪದಲ್ಲಿ, ಸಮುದ್ರಮಟ್ಟಕ್ಕಿಂತ ಎತ್ತರದಲ್ಲಿ ಇರುವ ನಮ್ಮ ಮೈಸೂರಿನಲ್ಲಿ ಅದರ ನಿಜವಾದ ಬೆಲೆ ಸುಮಾರು ೯೭೮. ಹೀಗೆ ನಕಲು ಮಾಡಿದ ಉತ್ತರವೂ ಸರಿಯಾದ ಉತ್ತರವಲ್ಲ.

ನಾನೂ ವಿದ್ಯಾರ್ಥಿಯಾಗಿದ್ದಾಗ ೯೮೦ ಎಂದು ಬರೆದವನೇ. ಆದುದರಿಂದ ಹುಡುಗರನ್ನು ಬಯ್ಯುವ ಅಧಿಕಾರ ನನಗೆ ಅಷ್ಟಾಗಿ ಇಲ್ಲ. ಆದರೆ ಈ ದುರಭ್ಯಾಸವನ್ನು ನನ್ನಿಂದ ಬಿಡಿಸಿದುದು ಯಾವ ಗುರುವೂ ಅಲ್ಲ, ಯಾವ ಗ್ರಂಥವೂ ಅಲ್ಲ. ನಮ್ಮ ಮನೆಯ ಅಂಗಳದಲ್ಲಿ ನಿಂತಿರುವ ಒಂದು ಹಳೆಯ ಮೋಟಾರ್ ಸೈಕಲ್. ಅದರ ಸಹವಾಸದಿಂದ ನಾನು ಒಂದು ಅಭಿಪ್ರಾಯಕ್ಕೆ ಬಂದಿದ್ದೇನೆ. ಹಳೆಯ ಯಂತ್ರವೊಂದನ್ನು ತನ್ನ ಕೈಯಿಂದಲೇ ಬಿಚ್ಚಿ, ಶುಚಿಮಾಡಿ, ಜೋಡಿಸಿ ಕಾಪಾಡಿಕೊಳ್ಳುವುದು ವಿಜ್ಞಾನದ ವಿದ್ಯಾರ್ಥಿಗೆ ದೊರೆಯಬಹುದಾದ ಉತ್ತಮ ಶಿಕ್ಷಣಗಳಲ್ಲಿ ಒಂದು. ಆದರೆ ಅಳೆಯದೆ ಅದನ್ನು ಮಾರ್ಪಡಿಸಹೊರಡುವುದು ವಿಜ್ಞಾನವಲ್ಲ. ಅದು ಮೂಢನಂಬಿಕೆ, ಕೆಲವೊಮ್ಮೆ ಪ್ರಾಣಾಪಾಯ. ಈ ಎರಡು ಮಾತುಗಳನ್ನು ಸಮರ್ಥಿಸುವುದೇ ಈ ಲೇಖನದ ಉದ್ದೇಶ.

ನಾನು ಹೇಳುತ್ತಿರುವ ಯಂತ್ರವು ಮೈಸೂರಿನಲ್ಲಿಯೇ ಹುಟ್ಟಿದ್ದು. ಚೆಕೊಸ್ಲೊವಾಕಿಯದ ಜಾವಾ ಸಂಸ್ಥೆಯ ಅನುಮತಿಯನ್ನು ಪಡೆದು, ಐಡಿಯಲ್ ಜಾವಾ ಎಂಬ ಕಂಪನಿಯು ಯಾದವಗಿರಿಯಲ್ಲಿ ಕಾರ್ಖಾನೆಯನ್ನು ಸ್ಥಾಪಿಸಿ ೧೯೬೧ರಲ್ಲಿ ಮೋಟಾರ್ ಸೈಕಲ್ಲುಗಳ ತಯಾರಿಕೆಯನ್ನು ಆರಂಭಿಸಿತು. ಮುಂದೆ ಅದೇ ಕಾರ್ಖಾನೆಯ ಗಾಡಿಗಳು ಯೆಜ್ಡಿ ಎಂಬ ಹೆಸರಿನಿಂದ ಪ್ರಸಿದ್ಧವಾದುವು. ೧೯೯೬ರಲ್ಲಿ ಕಾರ್ಖಾನೆ ಮುಚ್ಚಿತು. ಗಾಡಿಗಳು ಮಾತ್ರ ಇಂದಿಗೂ ಮೈಸೂರಿನ ಬೀದಿಗಳಲ್ಲಿ ಓಡಾಡುತ್ತಿವೆ. ನಮ್ಮ ಮನೆಯ ಜಾವಾ ೨೫೦ ಗಾಡಿಯು ೧೯೬೮ರಲ್ಲಿ ತಯಾರಾದುದು. ನಮ್ಮ ತಂದೆಯವರು ಅದನ್ನು ಬೇರೊಬ್ಬರಿಂದ ಕೊಂಡು, ಅದರ ಮೇಲೆ ಮಡಿಕೇರಿ, ಧರ್ಮಸ್ಥಳ, ಊಟಿಗಳನ್ನೆಲ್ಲ ಸುತ್ತಿಬಂದವರು. ಅದರ ವಿನ್ಯಾಸವು ಸರಳವೂ ಜಾಣ್ಮೆಯದೂ ಆಗಿದೆ. ಒಂದೇ ಸನ್ನೆಯು ಮೊದಲು ಎಂಜಿನ್ನನ್ನು ಎಬ್ಬಿಸಲು, ಅನಂತರ ಗೇರನ್ನು ಬದಲಾಯಿಸಲು ಬಳಕೆಯಾಗುತ್ತದೆ. ಸರಪಳಿಗೆ ಧೂಳು ಸೋಕದಂತೆ ಅದನ್ನು ಪೂರ್ತಿಯಾಗಿ ಮುಚ್ಚಿದ್ದಾರೆ. ಒಂದೇ ಸಿಲಿಂಡರಿನ ಹೊಗೆಗೆ ಎಡಕ್ಕೊಂದು ಬಲಕ್ಕೊಂದು, ಎರಡು ಸೈಲೆನ್ಸರುಗಳು. ಕಂಪ್ಯೂಟರ್ ಇಲ್ಲ, ಪಂಪು ಇಲ್ಲ, ಕವಾಟಗಳೂ ಇಲ್ಲ. ಕೆಲವು ಸ್ಪ್ಯಾನರುಗಳೂ ಒಂದು ಭಾನುವಾರವೂ ಇದ್ದರೆ ಅದರ ಅಂತರಂಗವನ್ನೆಲ್ಲ ಕಣ್ಣಿನಿಂದ ಕಾಣಬಹುದು.

ಹೀಗೆ ಬಿಚ್ಚಿದಾಗ ಪಠ್ಯಪುಸ್ತಕದ ಪುಟಗಳು ಒಂದೊಂದಾಗಿ ಮೇಲೆದ್ದು ಬರುತ್ತವೆ. ಸಿಲಿಂಡರಿನ ಒಳವ್ಯಾಸ ೬೫ ಮಿ.ಮೀ., ಪಿಸ್ಟನ್ ಚಲಿಸುವ ದೂರ ೭೫ ಮಿ.ಮೀ. ಹೈಸ್ಕೂಲಿನ ಸೂತ್ರವನ್ನು ಬಳಸಿ ಗುಣಿಸಿದರೆ ಸುಮಾರು ೨೪೯ ಘನ ಸೆಂಟಿಮೀಟರ್ ಬರುತ್ತದೆ. ೨೫೦ ಎಂಬ ಹೆಸರಿನ ಮೂಲ ಇದೇ. ಒಂದು ಗ್ರಾಂ ಪೆಟ್ರೋಲ್ ಪೂರ್ಣವಾಗಿ ಉರಿಯಬೇಕಾದರೆ ೧೪.೭ ಗ್ರಾಂ ಗಾಳಿ ಬೇಕು. ಇದರಂತೆ ಲೆಕ್ಕ ಹಾಕಿದರೆ ಒಂದು ಲೀಟರ್ ಪೆಟ್ರೋಲಿಗೆ ಬೇಕಾಗುವುದು ಸುಮಾರು ಒಂಬತ್ತು ಸಾವಿರ ಲೀಟರ್ ಗಾಳಿ: ಒಂದು ಸಣ್ಣ ಬಚ್ಚಲುಮನೆಯ ತುಂಬ ಹಿಡಿಯುವಷ್ಟು! ನಾವು ಬಂಕಿನಲ್ಲಿ ಹಣ ಕೊಟ್ಟು ತರುವುದು ಆಹಾರದ ಅಲ್ಪಭಾಗವನ್ನು ಮಾತ್ರ. ಮಿಕ್ಕುದನ್ನು ಎಂಜಿನ್ನು ದಾರಿಯುದ್ದಕ್ಕೂ ಉಸಿರಾಡಿ ಪಡೆಯುತ್ತದೆ. ಇನ್ನು ಕಿಡಿಯ ವಿಷಯ. ಎಂಜಿನ್ನು ನಿಮಿಷಕ್ಕೆ ೪,೫೦೦ ಸುತ್ತು ತಿರುಗುತ್ತಿರುವಾಗ ಒಂದು ಸುತ್ತಿಗೆ ತಗಲುವ ಕಾಲ ಸೆಕೆಂಡಿನ ಎಪ್ಪತ್ತೈದನೆಯ ಒಂದು ಭಾಗ. ಒಂದು ಡಿಗ್ರಿ ತಿರುಗಲು ಸೆಕೆಂಡಿನ ಇಪ್ಪತ್ತೇಳು ಸಾವಿರದ ಒಂದು ಭಾಗ ಸಾಕು. ಇಷ್ಟು ಸೂಕ್ಷ್ಮವಾದ ಕಾಲವನ್ನು ಎರಡು ಲೋಹದ ತುದಿಗಳ ನಡುವಣ ಕೂದಲೆಳೆಯ ಅಂತರವು ನಿರ್ಧರಿಸುತ್ತದೆ. ಅದನ್ನು ನಾವು ತೆಳುವಾದ ಉಕ್ಕಿನ ಪಟ್ಟಿಯಿಂದ ಅಂಗಳದಲ್ಲಿ ಕುಳಿತು ಅಳೆಯುತ್ತೇವೆ. ಅಂತರವನ್ನು ಅಂದಾಜಿನಿಂದ ಇಟ್ಟರೆ ಗಾಡಿ ಎದ್ದು ನಿಲ್ಲುವುದಿಲ್ಲ. ಇಲ್ಲಿ ಪುಸ್ತಕದ ಕೊನೆಯ ಪುಟವನ್ನು ನೋಡಿ ಉತ್ತರವನ್ನು ತುಂಬುವ ಸೌಕರ್ಯವಿಲ್ಲ.

ಅಳತೆಯ ಮಹತ್ವವನ್ನು ನನಗೆ ಮೊದಲು ಮನಗಾಣಿಸಿದುದು ನನ್ನ ವಿದ್ಯಾರ್ಥಿನಿಯೊಬ್ಬಳು. ಗಾಡಿಯ ಮುಂದೀಪ ಮಂಕಾಗಿತ್ತು. ೩೫ ವ್ಯಾಟಿನ ಬಲ್ಬನ್ನು ತೆಗೆದು ೬೦ ವ್ಯಾಟಿನದನ್ನು ಹಾಕಬೇಕೆಂದು ನಾನು ನಿರ್ಧರಿಸಿದ್ದೆ. ಅಂದು ಮನೆಗೆ ಬಂದಿದ್ದ ಆಕೆ, “ಸಾರ್, ಬಲ್ಬು ಬದಲಾಯಿಸುವ ಮೊದಲು ಒಮ್ಮೆ ವೋಲ್ಟೇಜನ್ನು ನೋಡೋಣವೇ?” ಎಂದಳು. ಅಧ್ಯಾಪಕನಾದ ನನಗೆ ತೋರಬೇಕಾಗಿದ್ದ ಮಾತು ಅದು. ಮೀಟರ್ ಹಿಡಿದು ನೋಡಿದೆವು. ಬ್ಯಾಟರಿಯ ತುದಿಗಳಲ್ಲಿ ೬.೧ ವೋಲ್ಟ್ ಇತ್ತು. ಬಲ್ಬಿನ ತುದಿಗಳಲ್ಲಿ ೫.೪ ಮಾತ್ರ. ಉಳಿದ ೦.೭ ವೋಲ್ಟ್ ಎಲ್ಲಿ ಹೋಯಿತು? ಆಕೆ ತಂತಿಯ ಜಾಡನ್ನು ಹಿಡಿದು ಹೊರಟಳು. ದೀಪದ ಬುರುಡೆಯು ಚೌಕಟ್ಟನ್ನು ಕೂಡುವ ಕಡೆಯಲ್ಲಿ ತುಕ್ಕೂ ಹಳೆಯ ಬಣ್ಣವೂ ಸೇರಿ ಸಣ್ಣದೊಂದು ವಿದ್ಯುತ್ ರೋಧವಾಗಿ ಕುಳಿತಿದ್ದುದನ್ನು ಕಂಡುಹಿಡಿದಳು. ತಂತುದೀಪದ ಬೆಳಕು ವೋಲ್ಟೇಜಿನ ಸುಮಾರು ಮೂರೂವರೆ ಘಾತದಂತೆ ಏರಿಳಿಯುತ್ತದೆ. ವೋಲ್ಟೇಜು ಎಂಟನೆಯ ಒಂದರಷ್ಟು ಕುಸಿದರೆ ಬೆಳಕು ಮೂರನೆಯ ಒಂದರಷ್ಟು ಹೋಗುತ್ತದೆ. ಉಪ್ಪುಕಾಗದದಿಂದ ತುಕ್ಕನ್ನು ಉಜ್ಜಿ, ಒಂದು ಗೇಣು ಹೊಸ ತಂತಿಯನ್ನು ಬಿಗಿದೆವು. ಹೋಗಿದ್ದ ಬೆಳಕು ಮರಳಿ ಬಂದಿತು.

ನಾನು ೬೦ ವ್ಯಾಟಿನ ಬಲ್ಬನ್ನೇ ಹಾಕಿದ್ದರೆ? ಆರು ವೋಲ್ಟಿನ ಮಂಡಲದಲ್ಲಿ ಹತ್ತು ಆಂಪಿಯರ್ ಪ್ರವಾಹ ಹರಿಯಬೇಕಾಗುತ್ತಿತ್ತು. ಪ್ರವಾಹ ಹೆಚ್ಚಿದಂತೆ ಆ ತುಕ್ಕಿನಲ್ಲಿ ನಷ್ಟವೂ ಹೆಚ್ಚುತ್ತಿತ್ತು. ಗಾಡಿಯ ಡೈನಮೊ ಸುಮಾರು ೪೫ ವ್ಯಾಟ್ ಮಾತ್ರ ಕೊಡಬಲ್ಲದು. ಮಿಕ್ಕುದನ್ನು ಬ್ಯಾಟರಿಯಿಂದ ಎಳೆದು, ರಾತ್ರಿಯ ದಾರಿಯ ನಡುವೆ ದೀಪವೂ ಕಿಡಿಯೂ ಒಟ್ಟಿಗೆ ಆರಿಹೋಗುತ್ತಿದ್ದುವು. ದೋಷವು ಬಲ್ಬಿನಲ್ಲಿ ಇರಲಿಲ್ಲ. ಅಳೆಯದೆ ತೀರ್ಮಾನಿಸಿದ ನನ್ನ ಮನಸ್ಸಿನಲ್ಲಿತ್ತು. ಮಾರ್ಪಾಡಿನ ಅನೇಕ ಆಸೆಗಳು ವಾಸ್ತವವಾಗಿ ದುರಸ್ತಿಯಾಗದ ದೋಷಗಳೇ ಎಂಬುದನ್ನು ಅಂದು ಕಲಿತೆ.

ಈಗ ತರುಣರ ಪ್ರಿಯವಾದ ಮಾರ್ಪಾಡಿಗೆ ಬರೋಣ. ಕಾಲೇಜಿನ ಬಾಗಿಲಿನಲ್ಲಿ ದಿನವೂ ಸಿಡಿಲಿನಂತೆ ಮೊಳಗುವ ಗಾಡಿಗಳು ನಿಂತಿರುತ್ತವೆ. ಸೈಲೆನ್ಸರಿನ ಒಳಗಣ ತಡೆಗಳನ್ನು ಕಿತ್ತೊಗೆದರೆ ಶಕ್ತಿ ಹೆಚ್ಚುತ್ತದೆ ಎಂಬುದು ಅವುಗಳ ಒಡೆಯರ ನಂಬಿಕೆ. ಈ ನಂಬಿಕೆಯನ್ನು ತೂಗಿ ನೋಡಬೇಕು. ಒಂದು ವ್ಯಾಟಿನಷ್ಟು ಶಬ್ದಶಕ್ತಿಯು ಎಲ್ಲ ದಿಕ್ಕುಗಳಿಗೂ ಸಮನಾಗಿ ಹರಡಿದರೆ, ಒಂದು ಮೀಟರ್ ದೂರದಲ್ಲಿ ಅದರ ಮಟ್ಟ ೧೦೯ ಡೆಸಿಬೆಲ್. ಕಿವಿಯನ್ನು ಗಡಚಿಕ್ಕುವ ಅಬ್ಬರ ಅದು. ನಮ್ಮ ಜಾವಾದ ಎಂಜಿನ್ನು ಸುಮಾರು ೧೨ ಅಶ್ವಶಕ್ತಿಯದು. ಎಂದರೆ ಸುಮಾರು ಒಂಬತ್ತು ಸಾವಿರ ವ್ಯಾಟ್. ಊರನ್ನೆಲ್ಲ ಎಬ್ಬಿಸುವ ಅಬ್ಬರವು ಒಂಬತ್ತು ಸಾವಿರದಲ್ಲಿ ಒಂದು ಭಾಗ! ನಮ್ಮ ಕಿವಿಯು ಅತಿ ಸೂಕ್ಷ್ಮವಾದ ಇಂದ್ರಿಯವಾದುದರಿಂದ ಇಷ್ಟು ಅಲ್ಪವನ್ನು ಅಷ್ಟು ದೊಡ್ಡದಾಗಿ ಕೇಳುತ್ತದೆ. ಶಬ್ದವನ್ನು ಕೇಳಿ ಶಕ್ತಿಯನ್ನು ಊಹಿಸುವುದು, ಕೊಡದ ಸದ್ದನ್ನು ಕೇಳಿ ನೀರನ್ನು ಅಳೆದಂತೆ.

ಇಷ್ಟೇ ಅಲ್ಲ. ಜಾವಾದಂತಹ ಎರಡು ಹೊಡೆತದ ಎಂಜಿನ್ನಿನಲ್ಲಿ ಸೈಲೆನ್ಸರು ಬರಿಯ ಬಾಯಿಮುಚ್ಚಳವಲ್ಲ. ಅದು ಎಂಜಿನ್ನಿನದೇ ಒಂದು ಅಂಗ. ಇಲ್ಲಿ ಕವಾಟಗಳಿಲ್ಲ. ಪಿಸ್ಟನ್ನು ಕೆಳಗಿಳಿದಾಗ ಸಿಲಿಂಡರಿನ ಗೋಡೆಯಲ್ಲಿರುವ ಕಿಂಡಿಗಳು ತೆರೆಯುತ್ತವೆ. ಒಳಬರುವ ಹೊಸ ಮಿಶ್ರಣವು ಉರಿದ ಹೊಗೆಯನ್ನು ಹೊರಗೆ ತಳ್ಳುತ್ತದೆ. ಹಾಗೆ ತಳ್ಳುವಾಗ ಅದರಲ್ಲಿಯೂ ಒಂದು ಪಾಲು ಹೊಗೆಯೊಡನೆ ಹೊರಟುಹೋಗುತ್ತದೆ. ಹೊರಹೊರಟ ಒತ್ತಡದ ತರಂಗವು ಕೊಳವೆಯಲ್ಲಿ ಮುಂದೆ ಸಾಗಿ, ತಡೆಗೆ ತಾಗಿ, ಪ್ರತಿಫಲಿಸಿ ಹಿಂದಿರುಗುತ್ತದೆ. ಬಿಸಿಯಾದ ಅನಿಲದಲ್ಲಿ ಅದರ ವೇಗ ಸೆಕೆಂಡಿಗೆ ಸುಮಾರು ೫೦೦ ಮೀಟರ್. ಒಂದು ಮೀಟರ್ ಹೋಗಿ ಒಂದು ಮೀಟರ್ ಮರಳಲು ಸೆಕೆಂಡಿನ ಇನ್ನೂರೈವತ್ತನೆಯ ಒಂದು ಭಾಗ ಬೇಕು. ಆ ವೇಳೆಗೆ ೪,೫೦೦ ಸುತ್ತಿನ ವೇಗದಲ್ಲಿ ಎಂಜಿನ್ನು ಸುತ್ತಿನ ಮೂರನೆಯ ಒಂದು ಪಾಲಿಗೆ ಸ್ವಲ್ಪ ಕಡಿಮೆ ತಿರುಗಿರುತ್ತದೆ. ಹಿಂದಿರುಗಿದ ತರಂಗವು ತಕ್ಕ ಸಮಯಕ್ಕೆ ಬಂದರೆ, ತಪ್ಪಿಸಿಕೊಂಡು ಹೋಗುತ್ತಿರುವ ಹೊಸ ಮಿಶ್ರಣವನ್ನು ಒಳಕ್ಕೆ ನೂಕುತ್ತದೆ. ತಡೆಗಳನ್ನು ಕಿತ್ತರೆ ಈ ಹೊಂದಾಣಿಕೆ ಕೆಡುತ್ತದೆ. ಆಗ ದೊರೆಯುವುದು ಹೆಚ್ಚು ಸದ್ದು, ಹೆಚ್ಚು ಖರ್ಚು, ನೆರೆಯವರ ಶಾಪ. ಪರೀಕ್ಷೆಗೆ ಓದುತ್ತಿರುವ ಮಗುವಿಗೂ ಮಲಗಿರುವ ರೋಗಿಗೂ ಆಗುವ ತೊಂದರೆಯನ್ನು ಯಾವ ಸೂತ್ರವೂ ಲೆಕ್ಕ ಹಾಕದು.

ಇಷ್ಟೆಲ್ಲ ಉಪದೇಶ ಮಾಡುವ ನಾನು ಮಾಡಿದ ತಪ್ಪನ್ನು ಇನ್ನು ಮುಚ್ಚಿಡುವುದು ನ್ಯಾಯವಲ್ಲ. ೨೦೨೫ರ ಏಪ್ರಿಲ್ ತಿಂಗಳಲ್ಲಿ ನಾನೂ ನನ್ನ ತಮ್ಮನೂ ಇದೇ ಗಾಡಿಯ ಮೇಲೆ ಊಟಿಗೆ ಹೋದೆವು. ಮೈಸೂರಿನ ಎತ್ತರ ಸಮುದ್ರಮಟ್ಟದಿಂದ ಸುಮಾರು ೭೭೦ ಮೀಟರ್, ಊಟಿಯದು ಸುಮಾರು ೨,೨೪೦. ಘಟ್ಟವನ್ನು ಏರುತ್ತಿದ್ದಂತೆ ಎಂಜಿನ್ನು ಸೊರಗಿತು. ಎತ್ತರದಲ್ಲಿ ಗಾಳಿ ತೆಳುವಾಗುವುದರಿಂದ ಮಿಶ್ರಣದಲ್ಲಿ ಪೆಟ್ರೋಲು ಹೆಚ್ಚಾಗುತ್ತದೆ ಎಂದು ಓದಿದ್ದೆನಷ್ಟೆ. ಊಟಿಯಲ್ಲಿ ಒಂದು ಮರದ ನೆರಳಿನಲ್ಲಿ ಕುಳಿತು, ಕಾರ್ಬುರೇಟರಿನ ಜೆಟ್ಟನ್ನು ತೆಗೆದು, ಅದಕ್ಕಿಂತ ಸಣ್ಣ ರಂಧ್ರದ ಜೆಟ್ಟನ್ನು ಹಾಕಿದೆ. ಪ್ಲಗ್ಗನ್ನು ಬಿಚ್ಚಿ ಅದರ ಬಣ್ಣವನ್ನು ನೋಡಲಿಲ್ಲ. ಪುಸ್ತಕದಲ್ಲಿ ಒಂದು ಸಾಲನ್ನೂ ಬರೆಯಲಿಲ್ಲ. ಗಾಡಿಯನ್ನು ಓಡಿಸಿ ನೋಡಿ, “ಈಗ ಎಷ್ಟು ಚೆನ್ನಾಗಿದೆ ನೋಡು!” ಎಂದು ತಮ್ಮನಿಗೆ ಹೇಳಿದೆ. “ಹೌದಣ್ಣ” ಎಂದು ಅವನೂ ಹೇಳಿದ. ಅಣ್ಣನ ಉತ್ಸಾಹಕ್ಕೆ ತಣ್ಣೀರು ಎರಚುವ ಮನಸ್ಸು ಅವನಿಗೆ ಬರಲಿಲ್ಲವೆಂದು ಅನಂತರ ತಿಳಿಯಿತು.

ಮರುದಿನ ಗೂಡಲೂರಿನ ಮಾರ್ಗವಾಗಿ ಇಳಿದು, ಬಂಡೀಪುರವನ್ನು ದಾಟಿ, ಗುಂಡ್ಲುಪೇಟೆಯಿಂದ ಮುಂದೆ ನೆಟ್ಟನೆಯ ರಸ್ತೆಯಲ್ಲಿ ವೇಗವಾಗಿ ಬರುತ್ತಿದ್ದೆವು. ಜೆಟ್ಟಿನ ನೆನಪೇ ನನಗಿರಲಿಲ್ಲ. ಬೇಗೂರಿನ ಬಳಿ ಎಂಜಿನ್ನು ಒಮ್ಮೆ ನರಳಿದಂತಾಯಿತು. ಮರುಕ್ಷಣದಲ್ಲಿ ಹಿಂದಿನ ಚಕ್ರವು ತಿರುಗುವುದನ್ನು ನಿಲ್ಲಿಸಿ, ಟೈರು ಕಿರುಚುತ್ತ ಜಾರತೊಡಗಿತು. ತಂದೆಯವರು ಕಲಿಸಿದ್ದ ಅಭ್ಯಾಸದಿಂದ ಎಡಗೈ ತಾನಾಗಿ ಕ್ಲಚ್ಚನ್ನು ಹಿಡಿಯಿತು, ಚಕ್ರ ಬಿಡಿಸಿಕೊಂಡಿತು, ಗಾಡಿ ರಸ್ತೆಯ ಅಂಚಿಗೆ ಬಂದು ನಿಂತಿತು. ಹಿಂದೆ ಬರುತ್ತಿದ್ದ ಲಾರಿಯೊಂದು ಹಾರನ್ ಮಾಡುತ್ತ ನಮ್ಮ ಪಕ್ಕದಿಂದಲೇ ಹಾದುಹೋಯಿತು. ಇನ್ನರ್ಧ ಸೆಕೆಂಡು ತಡವಾಗಿದ್ದರೆ ಈ ಲೇಖನವನ್ನು ಬರೆಯಲು ನಾನು ಇರುತ್ತಿರಲಿಲ್ಲ. ಓದಲು ನನ್ನ ತಮ್ಮನೂ ಇರುತ್ತಿರಲಿಲ್ಲ. ನಾವಿಬ್ಬರೂ ಬಹಳ ಹೊತ್ತು ಮಾತಿಲ್ಲದೆ ಮೈಲಿಗಲ್ಲಿನ ಮೇಲೆ ಕುಳಿತಿದ್ದೆವು.

ಅಂದು ರಾತ್ರಿ, ಗಾಡಿಯನ್ನು ಸರಕಿನ ವಾಹನದಲ್ಲಿ ಮನೆಗೆ ತಂದ ಮೇಲೆ, ಮೊದಲೇ ಮಾಡಬೇಕಾಗಿದ್ದ ಲೆಕ್ಕವನ್ನು ಮಾಡಿದೆ. ಮೈಸೂರಿಗಿಂತ ಊಟಿಯಲ್ಲಿ ಗಾಳಿಯ ಸಾಂದ್ರತೆಯು ಸುಮಾರು ಏಳನೆಯ ಒಂದು ಭಾಗ ಕಡಿಮೆ. ಎಂಜಿನ್ನು ಸೊರಗಿದುದಕ್ಕೆ ಮುಖ್ಯ ಕಾರಣ ಅದೇ. ಒಳಸೇರುವ ಗಾಳಿಯೇ ಕಡಿಮೆಯಾದಾಗ ಯಾವ ಜೆಟ್ಟೂ ಆ ಶಕ್ತಿಯನ್ನು ಮರಳಿ ಕೊಡಲಾರದು. ಮಿಶ್ರಣದಲ್ಲಿ ಪೆಟ್ರೋಲು ಹೆಚ್ಚಾಗುವುದು ನಿಜವಾದರೂ, ಅದು ಶೇಕಡ ಏಳರಷ್ಟು ಮಾತ್ರ. ನಾನು ಹಾಕಿದ ಜೆಟ್ಟಿನ ರಂಧ್ರ ೧.೦೦ ಮಿ.ಮೀ.ಗೆ ಬದಲು ೦.೯೫ ಮಿ.ಮೀ. ವ್ಯಾಸದಲ್ಲಿ ವ್ಯತ್ಯಾಸ ಶೇಕಡ ಐದು; ಆದರೆ ಹರಿವು ವಿಸ್ತೀರ್ಣವನ್ನು ಅನುಸರಿಸುವುದರಿಂದ ಅದು ಶೇಕಡ ಹತ್ತರಷ್ಟು ತಗ್ಗಿತು. ಇದರ ಮೇಲೆ ಇನ್ನೊಂದು ಸಂಗತಿ ನನ್ನ ಗಮನಕ್ಕೇ ಬಂದಿರಲಿಲ್ಲ. ಆ ವೇಳೆಗೆ ನಮ್ಮ ಬಂಕುಗಳಲ್ಲಿ ದೊರೆಯುತ್ತಿದ್ದುದು ಶೇಕಡ ೨೦ರಷ್ಟು ಎಥನಾಲ್ ಬೆರೆತ ಪೆಟ್ರೋಲು. ಎಥನಾಲಿನ ಅಣುವಿನಲ್ಲಿಯೇ ಆಮ್ಲಜನಕವಿರುವುದರಿಂದ ಒಂದು ಗ್ರಾಂ ಎಥನಾಲಿಗೆ ೯ ಗ್ರಾಂ ಗಾಳಿ ಸಾಕು. ಬೆರಕೆಯ ಪೆಟ್ರೋಲಿಗೆ ಬೇಕಾಗುವ ಗಾಳಿ ೧೪.೭ ಗ್ರಾಮಿನಿಂದ ಸುಮಾರು ೧೩.೫ಕ್ಕೆ ಇಳಿಯುತ್ತದೆ. ೧೯೬೮ರ ಎಂಜಿನ್ನಿಗೆ ಇದು ಗೊತ್ತಿಲ್ಲ. ಅದು ಹಿಂದಿನಷ್ಟೇ ಗಾಳಿಯನ್ನು ಎಳೆದುಕೊಳ್ಳುತ್ತದೆ. ಇದರಿಂದ ಮಿಶ್ರಣವು ಮತ್ತೆ ಶೇಕಡ ಎಂಟರಷ್ಟು ಬಡವಾಯಿತು. ಎರಡೂ ಸೇರಿ, ಬಯಲಿಗೆ ಇಳಿದಾಗ ನನ್ನ ಎಂಜಿನ್ನಿಗೆ ದೊರೆಯುತ್ತಿದ್ದ ಇಂಧನವು ಇರಬೇಕಾದುದಕ್ಕಿಂತ ಸುಮಾರು ಆರನೆಯ ಒಂದು ಭಾಗ ಕಡಿಮೆ.

ಇಂಧನ ಕಡಿಮೆಯಾದರೆ ಬಿಸಿ ಏಕೆ ಹೆಚ್ಚಬೇಕು ಎಂದು ನೀವು ಕೇಳಬಹುದು. ಸಾಮಾನ್ಯವಾಗಿ ಇಂತಹ ಎಂಜಿನ್ನಿಗೆ ಪೆಟ್ರೋಲನ್ನು ಅಗತ್ಯಕ್ಕಿಂತ ತುಸು ಹೆಚ್ಚಾಗಿಯೇ ಕೊಟ್ಟಿರುತ್ತಾರೆ. ಆ ಹೆಚ್ಚಿನ ಪೆಟ್ರೋಲು ಆವಿಯಾಗುವಾಗ ಉಷ್ಣವನ್ನು ಹೀರಿ ಒಳಭಾಗವನ್ನು ತಂಪಾಗಿಡುತ್ತದೆ. ಅದನ್ನು ಕಿತ್ತುಕೊಂಡರೆ ತಂಪೂ ಹೋಗುತ್ತದೆ. ಎರಡು ಹೊಡೆತದ ಎಂಜಿನ್ನಿನಲ್ಲಿ ಎಣ್ಣೆಯೂ ಪೆಟ್ರೋಲಿನಲ್ಲಿಯೇ ಬೆರೆತು ಬರುತ್ತದೆ. ಲೀಟರಿಗೆ ೪೦ ಮಿಲಿಲೀಟರಿನಂತೆ ನಾನು ಬೆರೆಸುತ್ತೇನೆ. ಜೆಟ್ಟನ್ನು ಕಿರಿದು ಮಾಡಿದಾಗ ಎಣ್ಣೆಯನ್ನೂ ಅಷ್ಟೇ ಕಡಿಮೆ ಮಾಡಿದಂತಾಯಿತು. ಪಿಸ್ಟನ್ನು ಅಲ್ಯೂಮಿನಿಯಮಿನದು, ಸಿಲಿಂಡರು ಬೀಡುಕಬ್ಬಿಣದ್ದು; ಒಂದೇ ಉಷ್ಣತೆಗೆ ಅಲ್ಯೂಮಿನಿಯಮ್ ಸುಮಾರು ಎರಡುಪಟ್ಟು ಹಿಗ್ಗುತ್ತದೆ. ೬೫ ಮಿ.ಮೀ. ವ್ಯಾಸದ ಪಿಸ್ಟನ್ನು ೧೦೦ ಡಿಗ್ರಿ ಹೆಚ್ಚು ಬಿಸಿಯಾದರೆ ೦.೧೫ ಮಿ.ಮೀ. ಹಿಗ್ಗುತ್ತದೆ. ಅದರ ಸುತ್ತಲೂ ಅಷ್ಟು ಬಿಡುವು ಎಲ್ಲಿದೆ? ಪಿಸ್ಟನ್ನು ಗೋಡೆಯನ್ನು ಕಚ್ಚಿ ಹಿಡಿಯಿತು. ಎಂಜಿನ್ನು ಸೀಜ್ ಆಯಿತು ಎಂದು ಮೆಕ್ಯಾನಿಕ್ಕುಗಳು ಹೇಳುವುದು ಇದನ್ನೇ. ಗಾಯಗೊಂಡ ಸಿಲಿಂಡರನ್ನು ಅರ್ಧ ಮಿಲಿಮೀಟರಿನಷ್ಟು ಕೊರೆಸಿ ದೊಡ್ಡ ಪಿಸ್ಟನ್ನನ್ನು ಹಾಕಿಸಬೇಕಾಯಿತು. ಎಂಜಿನ್ನಿನ ಗಾತ್ರ ೨೪೯ರಿಂದ ೨೫೩ ಘನ ಸೆಂಟಿಮೀಟರಿಗೆ ಏರಿತು. ನನ್ನ ಅಜ್ಞಾನದ ಗಾತ್ರ ನಾಲ್ಕು ಘನ ಸೆಂಟಿಮೀಟರ್ ಎಂದು ಗೆಳೆಯರು ಇಂದಿಗೂ ಹಾಸ್ಯ ಮಾಡುತ್ತಾರೆ.

ಈ ಘಟನೆಯ ನೀತಿ ಏನು? ಹಳೆಯ ಯಂತ್ರವನ್ನು ಮುಟ್ಟಬಾರದು ಎಂಬುದಲ್ಲ. ಲೋಲಕದ ಪ್ರಯೋಗದಲ್ಲಿ ೯೮೦ ಎಂದು ಬರೆದ ಕೈಯೇ ಊಟಿಯಲ್ಲಿ ಜೆಟ್ಟನ್ನು ಬದಲಾಯಿಸಿತು ಎಂಬುದು. ಎರಡು ಕಡೆಯೂ ಉತ್ತರವನ್ನು ಮೊದಲೇ ನಿರ್ಧರಿಸಿಕೊಂಡಿದ್ದೆ. ಪ್ರಯೋಗಶಾಲೆಯಲ್ಲಿ ಅದಕ್ಕೆ ಅಂಕಗಳು ದೊರೆತುವು. ರಸ್ತೆಯಲ್ಲಿ ದಂಡ ದೊರೆಯಿತು. ವ್ಯತ್ಯಾಸ ಇಷ್ಟೇ.

ಅಂದಿನಿಂದ ನಾನು ಕೆಲವು ನಿಯಮಗಳನ್ನು ಇಟ್ಟುಕೊಂಡಿದ್ದೇನೆ. ಮೊದಲು ದುರಸ್ತಿ, ಅನಂತರ ಮಾರ್ಪಾಡು: ಯಂತ್ರವು ತಯಾರಕನು ಮಾಡಿದ ಸ್ಥಿತಿಯಲ್ಲಿ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಅರಿಯದೆ ಅದನ್ನು ಉತ್ತಮಗೊಳಿಸಿದೆನೆಂದು ಹೇಳುವುದು ಸಾಧ್ಯವಿಲ್ಲ. ಒಂದು ಸಲಕ್ಕೆ ಒಂದೇ ಬದಲಾವಣೆ: ಎರಡನ್ನು ಒಟ್ಟಿಗೆ ಮಾಡಿದರೆ ಫಲವು ಯಾವುದರಿಂದ ಬಂದಿತೆಂದು ತಿಳಿಯದು. ಬದಲಾವಣೆಗೆ ಮುಂಚೆಯೂ ಬಳಿಕವೂ ಅದೇ ರಸ್ತೆ, ಅದೇ ಹೊರೆ, ಅದೇ ಅಳತೆ. ಎಲ್ಲವೂ ನೋಟ್‌ಬುಕ್ಕಿನಲ್ಲಿ ಬರವಣಿಗೆಯಾಗಿ ಇರಬೇಕು. ತೆಗೆದ ಹಳೆಯ ಭಾಗವನ್ನು ಎಸೆಯದೆ ಕಾದಿಟ್ಟು, ಮೊದಲಿನ ಸ್ಥಿತಿಗ�� ಹಿಂದಿರುಗುವ ದಾರಿಯನ್ನು ಉಳಿಸಿಕೊಳ್ಳಬೇಕು. ಒಮ್ಮೆ ಹೊಸ ಪ್ಲಗ್ಗಿನಿಂದ ಮೈಲೇಜು ಹೆಚ್ಚಿತೆಂದು ಸಂತೋಷಪಟ್ಟಿದ್ದೆ. ಅದೇ ರಸ್ತೆಯಲ್ಲಿ ಮೂರು ಸಲ ಅಳೆದಾಗ, ಹೆಚ್ಚಳವು ಒಂದು ಅಳತೆಗೂ ಇನ್ನೊಂದಕ್ಕೂ ಇರುವ ವ್ಯತ್ಯಾಸಕ್ಕಿಂತ ಸಣ್ಣದೆಂದು ಕಂಡಿತು. ಸಂತೋಷ ಹೋಯಿತು, ಸತ್ಯ ಉಳಿಯಿತು.

ಯಾವ ಮಾರ್ಪಾಡು ಸಲ್ಲುತ್ತದೆ, ಯಾವುದು ಸಲ್ಲದು? ಮಂಡಲಕ್ಕೆ ಫ್ಯೂಸನ್ನು ಸೇರಿಸುವುದು, ಹಿಂಬದಿಯನ್ನು ಕಾಣಿಸುವ ಕನ್ನಡಿಯನ್ನು ಹಾಕುವುದು, ಗಟ್ಟಿಯಾಗಿ ಹಿಡಿಯುವ ಒಳ್ಳೆಯ ಟೈರುಗಳನ್ನು ತೊಡಿಸುವುದು: ಇವು ಸಲ್ಲುತ್ತವೆ. ವೇಗವನ್ನು ಹೆಚ್ಚಿಸುವ ಮಾರ್ಪಾಡಿನ ವಿಷಯದಲ್ಲಿ ಮಾತ್ರ ಒಂದು ಲೆಕ್ಕವನ್ನು ನೆನಪಿನಲ್ಲಿಡಬೇಕು. ಚಲನಶಕ್ತಿಯು ವೇಗದ ವರ್ಗದಂತೆ ಬೆಳೆಯುತ್ತದೆ. ಗಂಟೆಗೆ ೬೦ ಕಿಲೊಮೀಟರ್ ಇದ್ದ ವೇಗ ೮೫ಕ್ಕೆ ಏರಿದರೆ ಬ್ರೇಕು ಹೀರಬೇಕಾದ ಶಕ್ತಿ ಎರಡರಷ್ಟಾಗುತ್ತದೆ. ಬ್ರೇಕು ಮಾತ್ರ ೧೯೬೮ರದೇ ಆಗಿರುತ್ತದೆ. ಕಾನೂನೂ ಇಲ್ಲಿ ವಿವೇಕದ ಪಕ್ಷದಲ್ಲಿದೆ. ೧೯೮೮ರ ಮೋಟಾರು ವಾಹನಗಳ ಅಧಿನಿಯಮದ ೫೨ನೆಯ ಪ್ರಕರಣದಂತೆ, ನೋಂದಣಿ ಪತ್ರದ ವಿವರಗಳು ತಯಾರಕನು ಮೂಲತಃ ನಿರ್ದೇಶಿಸಿದ ವಿವರಗಳಿಂದ ಭಿನ್ನವಾಗುವಂತೆ ವಾಹನವನ್ನು ಮಾಲೀಕನು ಮಾರ್ಪಡಿಸುವಂತಿಲ್ಲ. ಕೆಲಸದಲ್ಲಿಯೂ ಎಚ್ಚರ ಬೇಕು. ಪೆಟ್ರೋಲನ್ನು ಬಯಲಿನಲ್ಲಿ, ಬೆಂಕಿಯಿಂದ ದೂರದಲ್ಲಿ ಮುಟ್ಟಬೇಕು. ಹಳೆಯ ಬ್ರೇಕಿನ ಪಟ್ಟಿಗಳಲ್ಲಿ ಕಲ್ನಾರು ಇರುವ ಸಂಭವವುಂಟಾದ್ದರಿಂದ ಅವುಗಳ ಧೂಳನ್ನು ಬಾಯಿಂದ ಊದಬಾರದು. ಒದ್ದೆ ಬಟ್ಟೆಯಿಂದ ಒರಸಬೇಕು. ಬ್ರೇಕಿನ ಕೆಲಸವನ್ನು ಬಲ್ಲವರಿಗೆ ತೋರಿಸದೆ ರಸ್ತೆಗೆ ಇಳಿಯಬಾರದು.

ನನ್ನ ಅಭಿಪ್ರಾಯಕ್ಕೆ ಎರಡು ಆಕ್ಷೇಪಣೆಗಳನ್ನು ಕೇಳಿದ್ದೇನೆ. ಹಳೆಯ ಎಂಜಿನ್ನು ಹೊಗೆ ಉಗುಳುತ್ತದೆ, ಅದನ್ನೇಕೆ ಸಾಕಬೇಕು ಎಂಬುದು ಮೊದಲನೆಯದು. ಈ ಮಾತಿನಲ್ಲಿ ತೂಕವಿದೆ. ಎರಡು ಹೊಡೆತದ ಎಂಜಿನ್ನು ಉರಿಯದ ಪೆಟ್ರೋಲನ್ನೂ ಎಣ್ಣೆಯನ್ನೂ ಗಾಳಿಗೆ ಬಿಡುತ್ತದೆ. ಹೊಗೆಯ ನಿಯಮಗಳು ಬಿಗಿಯಾದಂತೆ ಅಂತಹ ಗಾಡಿಗಳು ಮಾರುಕಟ್ಟೆಯಿಂದ ಮರೆಯಾದುದು ನ್ಯಾಯವೇ ಸರಿ. ದಿನನಿತ್ಯ ಕಾಲೇಜಿಗೆ ಹೋಗಲು ನಾನು ಬಸ್ಸನ್ನು ಹಿಡಿಯುತ್ತೇನೆ. ಜಾವಾ ಹೊರಡುವುದು ತಿಂಗಳಿಗೆ ಒಂದೆರಡು ಸಲ ಮಾತ್ರ. ಎಣ್ಣೆಯನ್ನು ಅಳೆದು ಬೆರೆಸಿ, ಪ್ಲಗ್ಗನ್ನೂ ಗಾಳಿಯ ಶೋಧಕವನ್ನೂ ಶುಚಿಯಾಗಿಟ್ಟರೆ ಹೊಗೆ ಕಡಿಮೆಯಾಗುತ್ತದೆ, ಇಲ್ಲವಾಗುವುದಿಲ್ಲ. ಪ್ರೀತಿಯ ಹೆಸರಿನಲ್ಲಿ ಈ ಸತ್ಯವನ್ನು ಮರೆಮಾಚುವುದೂ ಸುಳ್ಳು ಲೆಕ್ಕವೇ.

ಇಂದಿನ ಗಾಡಿಗಳಲ್ಲಿ ಇಂಧನವನ್ನು ಅಳೆಯುವುದು ಕಂಪ್ಯೂಟರು, ಕಾರ್ಬುರೇಟರಿನ ವಿದ್ಯೆಯಿಂದ ಏನು ಪ್ರಯೋಜನ ಎಂಬುದು ಎರಡನೆಯ ಆಕ್ಷೇಪಣೆ. ಕಂಪ್ಯೂಟರು ಮಾಡುವುದೂ ಇದನ್ನೇ: ಗಾಳಿಯ ಒತ್ತಡವನ್ನೂ ಉಷ್ಣತೆಯನ್ನೂ ಅಳೆಯುತ್ತದೆ, ಲೆಕ್ಕ ಹಾಕುತ್ತದೆ, ಇಂಧನವನ್ನು ಕೊಡುತ್ತದೆ, ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ನೋಡಿ ತನ್ನ ತಪ್ಪನ್ನು ತಿದ್ದಿಕೊಳ್ಳುತ್ತದೆ. ಊಟಿಯಲ್ಲಿ ನಾನು ಮಾಡದೆ ಬಿಟ್ಟುದನ್ನು ಅದು ಪ್ರತಿ ಕ್ಷಣವೂ ತಪ್ಪದೆ ಮಾಡುತ್ತಿದೆ. ಹಳೆಯ ಯಂತ್ರವನ್ನು ಕೈಯಿಂದ ತಿಳಿದವನು ಹೊಸ ಯಂತ್ರದ ಕಾರ್ಯವನ್ನು ಬುದ್ಧಿಯಿಂದ ತಿಳಿಯಬಲ್ಲನು.

ಆದುದರಿಂದ ನಮ್ಮ ಕಾಲೇಜುಗಳಿಗೆ ನನ್ನದೊಂದು ಸೂಚನೆ. ಗುಜರಿಯಲ್ಲಿ ದೊರೆಯುವ ಒಂದು ಹಳೆಯ ಎಂಜಿನ್ನನ್ನು ತಂದು ಪ್ರಯೋಗಶಾಲೆಯ ಮಗ್ಗುಲಲ್ಲಿ ಇಡಿರಿ. ವಿದ್ಯಾರ್ಥಿಗಳೂ ವಿದ್ಯಾರ್ಥಿನಿಯರೂ ಅದನ್ನು ಬಿಚ್ಚಲಿ, ಅಳೆಯಲಿ, ಜೋಡಿಸಿ ನಡೆಸಲಿ. ಅಂಕಗಳನ್ನು ಉತ್ತರಕ್ಕೆ ಕೊಡುವುದಕ್ಕಿಂತ, ಕಂಡುದನ್ನು ಕಂಡಂತೆ ಬರೆದ ನೋಟ್‌ಬುಕ್ಕಿಗೆ ಕೊಡಿರಿ.

ಈ ವರ್ಷ ನನ್ನ ತರಗತಿಯ ಒಬ್ಬ ಹುಡುಗ ಲೋಲಕದ ಪ್ರಯೋಗದಲ್ಲಿ ೯೫೦ ಎಂಬ ಉತ್ತರವನ್ನು ಬರೆದು, ಅಳುಕುತ್ತ ನನ್ನ ಮೇಜಿನ ಬಳಿಗೆ ಬಂದ. “ಸಾರ್, ಮೂರು ಸಲ ಮಾಡಿದೆ, ಇಷ್ಟೇ ಬರುತ್ತಿದೆ” ಎಂದ. ಇಬ್ಬರೂ ಕುಳಿತು ಹುಡುಕಿದೆವು. ದಾರದ ಉದ್ದ ೪೦ ಸೆಂಟಿಮೀಟರನ್ನು ಆತ ಸರಿಯಾಗಿ ಅಳೆದಿದ್ದ. ಗುಂಡಿನ ತ್ರಿಜ್ಯ ೧.೨ ಸೆಂಟಿಮೀಟರನ್ನು ಸೇರಿಸಲು ಮರೆತಿದ್ದ. ಸೇರಿಸಿದಾಗ ಬಂದುದು ೯೭೮. ಅವನ ಹಾಳೆಯಲ್ಲಿ ೯೫೦ನ್ನು ಅಳಿಸಗೊಡದೆ, ಅದರ ಕೆಳಗೆ ಕಾರಣವನ್ನು ಬರೆಸಿದೆ. ಆ ತರಗತಿಯಲ್ಲಿ ಪೂರ್ಣ ಅಂಕಗಳು ದೊರೆತುದು ಆ ಹಾಳೆಯೊಂದಕ್ಕೇ.